ನಕ್ಷೆಯೊಳಗಿನ ಚಿತ್ರ



ನಮ್ಮ ಹಿತ್ತಲಿನ ತೆಂಗಿನ ಮರಗಳಿಂದ ವರ್ಷಕ್ಕೆ ಎಷ್ಟು ಕಾಯಿ ಇಳಿಯಿತು ಎಂಬುದನ್ನು ನಾನು 2005ರಿಂದ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಗಣಿತದ ಮೇಷ್ಟ್ರಿಗೆ ನಿವೃತ್ತಿಯ ನಂತರವೂ ಅಂಟಿಕೊಂಡಿರುವ ಚಟವೆಂದು ಮನೆಯವರು ನಗುವುದುಂಟು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗಳು ರಜೆಗೆ ಬಂದವಳು ಆ ಡೈರಿಯನ್ನು ಕಂಡು, 2024ರವರೆಗಿನ 20 ವರ್ಷಗಳ ಲೆಕ್ಕವನ್ನೆಲ್ಲ ತನ್ನ ಲ್ಯಾಪ್‌ಟಾಪಿಗೆ ತುಂಬಿ, ಅದಕ್ಕೊಂದು ನಕ್ಷೆ ಬರೆಯುವೆನೆಂದು ಕುಳಿತಳು. ಬರಿಯ ಗೆರೆಯ ನಕ್ಷೆ ಅವಳಿಗೆ ಸಪ್ಪೆಯೆನಿಸಿತು. ಹಿತ್ತಲಿಗೆ ಹೋಗಿ ಮರದ ಫೋಟೋ ತೆಗೆದು, ಅದನ್ನು ನಕ್ಷೆಯ ಹಿನ್ನೆಲೆಯಲ್ಲಿ ಕೂರಿಸಲು ಹೊರಟಳು. ತೊಂದರೆ ಶುರುವಾದದ್ದು ಅಲ್ಲಿಂದ.

ಮೊದಲ ಪ್ರಯತ್ನದಲ್ಲಿ ಮರ ನೆಟ್ಟಗೆ ನಿಂತಿತು, ಆದರೆ ನಕ್ಷೆ ಕೆಟ್ಟಿತು. ವೈ ಅಕ್ಷದ ಸೊನ್ನೆ ಮೇಲಕ್ಕೆ ಹೋಗಿ, ಸಂಖ್ಯೆಗಳು ಕೆಳಮುಖವಾಗಿ ಬೆಳೆಯತೊಡಗಿದವು. ಬರಗಾಲದ ನಂತರ ಫಸಲು ಕುಸಿದ ವರ್ಷ ಅಲ್ಲಿ ಬೆಟ್ಟದಂತೆ ಏರಿತ್ತು. ಸಾಲದೆಂಬಂತೆ 20 ವರ್ಷಗಳ ಗೆರೆಯೆಲ್ಲ ಎಡ ಅಂಚಿಗೆ ಮುದುಡಿಕೊಂಡಿತ್ತು. ಅವಳು ಏನನ್ನೋ ಬದಲಿಸಿದಳು. ಈಗ ನಕ್ಷೆ ಸರಿಯಾಯಿತು, ತೆಂಗಿನ ಮರ ತಲೆಕೆಳಗಾಗಿ ನೇತಾಡಿತು. "ಅಜ್ಜಾ, ಒಂದು ಸರಿಹೋದರೆ ಇನ್ನೊಂದು ಕೆಡುತ್ತೆ, ಯಾಕೆ?" ಎಂದು ಕೇಳಿದಳು. ಆ ಪ್ರಶ್ನೆಯ ಜಾಡು ಹಿಡಿದು ಹೊರಟಾಗ ಒಂದು ದೀರ್ಘವಾದ ಚರಿತ್ರೆಯೇ ತೆರೆದುಕೊಂಡಿತು. ಜೊತೆಗೆ, ನಲವತ್ತು ವರ್ಷಗಳಿಂದ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ತಪ್ಪೂ ನೆನಪಿಗೆ ಬಂದಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಮೂಲಬಿಂದುಗಳು

ನಿಮಗೆಲ್ಲ ನೆನಪಿರಬಹುದು, ನಕ್ಷಾ ಹಾಳೆಯನ್ನು ಕೈಗೆ ಕೊಟ್ಟೊಡನೆ ನಾನು ಹೇಳುತ್ತಿದ್ದ ಮೊದಲ ಮಾತು: ಮೂಲಬಿಂದುವನ್ನು ಗುರುತಿಸಿ, ಬಲಕ್ಕೆ ಹೋದರೆ ಧನ, ಮೇಲಕ್ಕೆ ಹೋದರೆ ಧನ. ಬಿಂದುವೊಂದನ್ನು ಸಂಖ್ಯೆಗಳಿಂದ ಗುರುತಿಸುವ ಈ ಬಗೆಯ ಬೀಜವನ್ನು ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟವಾದ ತನ್ನ ಜ್ಯಾಮಿತಿಯ ಗ್ರಂಥದಲ್ಲಿ ಬಿತ್ತಿದನು. ಅದೇ ಕಾಲದಲ್ಲಿ ಫರ್ಮಾ ಕೂಡ ಅದೇ ಹಾದಿಯಲ್ಲಿದ್ದನು. ಇಂದು ನಾವು ಬರೆಯುವ ಎರಡು ಅಕ್ಷಗಳ ಚೊಕ್ಕ ರೂಪ ಡೆಕಾರ್ಟನ ಪುಸ್ತಕದಲ್ಲಿ ಇದ್ದಂತಿಲ್ಲ, ಅದು ಮುಂದಿನವರ ಕೈಯಲ್ಲಿ ಪಳಗಿ ಬಂದದ್ದು. ಹೇಗಿದ್ದರೂ ಗಣಿತದವರ ಸೊನ್ನೆ ಕೆಳಗಿದೆ. ಮರ ನೆಲದಿಂದ ಮೇಲಕ್ಕೆ ಬೆಳೆಯುವಂತೆ ನಮ್ಮ ಸಂಖ್ಯೆಗಳೂ ಮೇಲಕ್ಕೆ ಬೆಳೆಯುತ್ತವೆ.

ಕಂಪ್ಯೂಟರಿನ ಚಿತ್ರದ ಸಂಗತಿ ಬೇರೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಶ್ ಎಂಬ ತಂತ್ರಜ್ಞ 1957ರಲ್ಲಿ ತನ್ನ ಮೂರು ತಿಂಗಳ ಮಗುವಿನ ಫೋಟೋ ಒಂದನ್ನು ಯಂತ್ರದಿಂದ ಓದಿಸಿ ಕಂಪ್ಯೂಟರಿಗೆ ತುಂಬಿದನು. ಫೋಟೋ ಐದು ಸೆಂಟಿಮೀಟರ್ ಚೌಕದ್ದು. ಅದು 176 ಸಾಲು, ಸಾಲಿಗೆ 176 ಚುಕ್ಕೆಯಂತೆ ಒಟ್ಟು 30,976 ಚುಕ್ಕೆಗಳಾಗಿ ಒಡೆಯಿತು. ಕಂಪ್ಯೂಟರಿಗೆ ಹೊಕ್ಕ ಮೊಟ್ಟಮೊದಲ ಫೋಟೋಗಳ ಸಾಲಿನಲ್ಲಿ ಆ ಕೂಸಿನ ಮುಖಕ್ಕೆ ಸ್ಥಾನವಿದೆ. ಚಿತ್ರವೆಂದರೆ ಸಂಖ್ಯೆಗಳ ಕೋಷ್ಟಕವೆಂದಾದ ಮೇಲೆ ಅದನ್ನು ಓದುವ ಕ್ರಮವೂ ಕೋಷ್ಟಕದ್ದೇ ಆಯಿತು. ಮೊದಲ ಸಾಲು ಮೇಲೆ, ಕೊನೆಯ ಸಾಲು ಕೆಳಗೆ, ನಾವು ಪುಸ್ತಕದ ಪುಟವನ್ನು ಓದುವಂತೆ. ಹಳೆಯ ದೂರದರ್ಶನದ ಪರದೆಯ ಮೇಲೆ ಕಿರಣ ಓಡುತ್ತಿದ್ದುದೂ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ. ಹೀಗಾಗಿ ಚಿತ್ರದ ಸೊನ್ನೆ ಎಡ ಮೇಲ್ಮೂಲೆಯಲ್ಲಿದೆ.

ಒಂದೇ ಹಾಳೆಯ ಮೇಲೆ ಈ ಎರಡು ಸಂಪ್ರದಾಯಗಳು ಕೂಡಿದಾಗ ಯಾವುದಾದರೊಂದು ಬಾಗಲೇಬೇಕು. ನನ್ನ ಮೊಮ್ಮಗಳ ನಕ್ಷೆಯಲ್ಲಿ ಮೊದಲು ಗಣಿತ ಬಾಗಿತು, ಆಮೇಲೆ ಮರ ಬಾಗಿತು. ಗೆರೆ ಎಡಕ್ಕೆ ಮುದುಡಿದ್ದಕ್ಕೂ ಕಾರಣ ಇದೇ. ಅವಳ ಫೋಟೋ 600 ಚುಕ್ಕೆ ಅಗಲದ್ದು. ಅವಳು ವರ್ಷಗಳಿಗೆ ಕೊಟ್ಟ ಸಂಖ್ಯೆ 1ರಿಂದ 20. ಎಕ್ಸ್ ಅಕ್ಷ ಚುಕ್ಕೆಗಳನ್ನು ಎಣಿಸುತ್ತಿರುವಾಗ 20 ವರ್ಷಗಳಿಗೆ ಸಿಕ್ಕಿದ್ದು 600ರಲ್ಲಿ 20 ಚುಕ್ಕೆಗಳ ಜಾಗ ಮಾತ್ರ.

ಪರಿಹಾರ ಬಹಳ ಸರಳವಾಗಿತ್ತು. ಚಿತ್ರದ ಎಡ ಅಂಚು ನಕ್ಷೆಯ ಯಾವ ಬೆಲೆಯ ಮೇಲೆ ಕೂರಬೇಕು, ಬಲ ಅಂಚು ಎಲ್ಲಿ, ಕೆಳ ಅಂಚು ಎಲ್ಲಿ, ಮೇಲಂಚು ಎಲ್ಲಿ ಎಂಬ ನಾಲ್ಕು ಸಂಖ್ಯೆಗಳನ್ನು ಕೊಡಬೇಕು. ಆ ಆದೇಶಕ್ಕೆ ಎಕ್ಸ್‌ಟೆಂಟ್ ಎಂದು ಹೆಸರಂತೆ. ಹಾಗೆ ಹೇಳಿದೊಡನೆ ಚಿತ್ರ ತನ್ನ ಚುಕ್ಕೆಗಳ ಎಣಿಕೆಯನ್ನು ಬಿಟ್ಟು ನಕ್ಷೆಯ ಅಳತೆಗೆ ಒಗ್ಗಿಕೊಂಡಿತು. ಸೊನ್ನೆ ಕೆಳಗೆ ಬಂದಿತು, ಮರವೂ ನೆಟ್ಟಗಾಯಿತು. ಆದರೆ ಇಡೀ ನಕ್ಷೆ ಅಗರಬತ್ತಿಯಂತೆ ತೆಳ್ಳಗಾಗಿ ನಿಂತಿತು. 20 ಮಾನ ಅಗಲ, 600 ಮಾನ ಎತ್ತರವಿರುವ ಚೌಕಟ್ಟಿನಲ್ಲಿ ಎರಡೂ ಕಡೆಗೆ ಒಂದೇ ಪ್ರಮಾಣವನ್ನು ಹಿಡಿದರೆ ಮತ್ತೇನಾದೀತು? ಚಿತ್ರ ಕೆಡದಿರಲೆಂದು ಹಾಗೆ ಹಿಡಿಯುವುದು ಆ ತಂತ್ರಾಂಶದ ರೂಢಿ. ಆ ಹಟವನ್ನು ಬಿಡು ಎಂದು ಇನ್ನೊಂದು ಆದೇಶ ಕೊಟ್ಟು, ಗೆರೆ ಎದ್ದು ಕಾಣಲೆಂದು ಫೋಟೋದ ಬಣ್ಣವನ್ನು ತಿಳಿಗೊಳಿಸಿದ ಮೇಲೆ ನಕ್ಷೆ ನೋಡಲು ಚೆಂದವಾಯಿತು. ಎಕ್ಸ್ ಅಕ್ಷದ ಪ್ರಮಾಣ, ವೈ ಅಕ್ಷದ ಪ್ರಮಾಣ ಎಂದು ಹಾಳೆಯ ಮೂಲೆಯಲ್ಲಿ ಬರೆಯದವರಿಗೆ ನಾನು ಒಂದು ಅಂಕ ಕಳೆಯುತ್ತಿದ್ದೆನಲ್ಲ, ಅದರ ಬೆಲೆ ಈಗ ತಿಳಿಯಿತೇ?

ಈ ಉಪಕರಣವನ್ನು ಕಟ್ಟಿದಾತ

ಅವಳು ಬಳಸುತ್ತಿದ್ದುದು ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿ. ಇದು ಪುಸ್ತಕಗಳ ಗ್ರಂಥಾಲಯವಲ್ಲ. ಯಾರೋ ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಆದೇಶಗಳ ಕಟ್ಟನ್ನು ತಂತ್ರಾಂಶದವರು ಲೈಬ್ರರಿ ಎನ್ನುತ್ತಾರೆ. ಈ ಕಟ್ಟಿನ ಪುಣ್ಯಾತ್ಮನ ಹೆಸರು ಜಾನ್ ಹಂಟರ್. ಅಮೆರಿಕದ ಶಿಕಾಗೋದಲ್ಲಿ ನರವಿಜ್ಞಾನದ ಸಂಶೋಧಕನಾಗಿದ್ದ ಆತ ಅಪಸ್ಮಾರ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಅಭ್ಯಸಿಸುತ್ತಿದ್ದನು. ಬೆಲೆ ತೆತ್ತು ಕೊಳ್ಳಬೇಕಾಗಿದ್ದ ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿ ದೊರೆಯುತ್ತಿದ್ದಂತಹ ನಕ್ಷೆಗಳು ಪೈಥಾನಿನಲ್ಲೂ ದೊರೆಯಬೇಕೆಂದು ತಾನೇ ಒಂದನ್ನು ಬರೆದು, 2003ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟನು. ಆ ಲೈಬ್ರರಿಯೊಡನೆ ಬರುವ ಮಾದರಿ ನಕ್ಷೆಗಳಲ್ಲಿ ಒಂದರಲ್ಲಿ ಮಿದುಳಿನ ಎಂಆರ್‌ಐ ಚಿತ್ರವೂ ಮಿದುಳಿನ ಅಲೆಗಳ ಗೆರೆಗಳೂ ಒಂದೇ ಹಾಳೆಯ ಮೇಲಿವೆ. ಚಿತ್ರ ಮತ್ತು ನಕ್ಷೆ ಜೊತೆಯಲ್ಲಿರಬೇಕೆಂಬುದು ಆತನ ಕೆಲಸದ ಅಗತ್ಯವೇ ಆಗಿತ್ತು.

ನಕ್ಷೆಯ ಬಿಂದುವಿನ ಪಕ್ಕದಲ್ಲಿ ಪುಟ್ಟ ಚಿತ್ರ ಅಂಟಿಸುವುದನ್ನು ಕಲಿಸುವ ಮತ್ತೊಂದು ಮಾದರಿಯಲ್ಲಿ ನೌಕಾಪಡೆಯ ಸಮವಸ್ತ್ರ ತೊಟ್ಟ ಮಹಿಳೆಯೊಬ್ಬರ ಭಾವಚಿತ್ರವಿದೆ. ಆಕೆ ಗ್ರೇಸ್ ಹಾಪರ್ (1906–1992). ಗಣಿತದ ಅಧ್ಯಾಪಕಿಯಾಗಿದ್ದು, ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆ ಸೇರಿ, ಕಂಪ್ಯೂಟರ್ ಭಾಷೆಗಳ ಅಸ್ತಿಭಾರ ಹಾಕಿದವರಲ್ಲಿ ಒಬ್ಬರಾದವರು. ನಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಆಕೆಯ ಪರಿಚಯವನ್ನು ನಾನು ಮಾಡಿಕೊಡಲಿಲ್ಲವಲ್ಲ ಎಂಬ ಕೊರಗು ನನಗುಂಟು. ಆಗ ನನಗೇ ತಿಳಿದಿರಲಿಲ್ಲ.

ಹಂಟರ್ 2012ರ ಆಗಸ್ಟ್ 28ರಂದು ಕ್ಯಾನ್ಸರ್ ಚಿಕಿತ್ಸೆಯ ತೊಡಕುಗಳಿಂದ ತೀರಿಕೊಂಡನು. ಆಗ ಆತನಿಗೆ 44 ವರ್ಷ. ಅದಕ್ಕೆ ತಿಂಗಳ ಹಿಂದಷ್ಟೇ ವೈಜ್ಞಾನಿಕ ಪೈಥಾನಿನ ಸಮ್ಮೇಳನವೊಂದರಲ್ಲಿ ಪ್ರಧಾನ ಉಪನ್ಯಾಸ ನೀಡಿದ್ದನು. 2019ರ ಏಪ್ರಿಲ್ 10ರಂದು ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರದ ಕಪ್ಪುಕುಳಿಯ ಚಿತ್ರವನ್ನು ಜಗತ್ತು ಕಂಡಿತಷ್ಟೆ. ಆ ಚಿತ್ರವನ್ನು ರೂಪಿಸುವ ಕೆಲಸದಲ್ಲಿ ಬಳಕೆಯಾದ ತಂತ್ರಾಂಶಗಳಲ್ಲಿ ಆತನ ಲೈಬ್ರರಿಯೂ ಒಂದು. ನೋಡಲು ಆತ ಉಳಿದಿರಲಿಲ್ಲ.

ಕಂಪ್ಯೂಟರಿಗೆ ಹಿಂದೆ

ಸಂಖ್ಯೆಗಳನ್ನು ಗೆರೆಯಾಗಿ, ಕಂಬವಾಗಿ ಬರೆಯುವ ವಿದ್ಯೆಗೆ ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು ಮೂಲಪುರುಷ. ಉಗಿ ಯಂತ್ರದ ಜೇಮ್ಸ್ ವಾಟ್‌ನ ಬಳಿ ನಕಾಶೆಗಾರನಾಗಿ ದುಡಿದಿದ್ದ ಈತ 1786ರಲ್ಲಿ ದೇಶದ ಆಮದು ರಫ್ತುಗಳ ಏರಿಳಿತವನ್ನು ಗೆರೆಗಳಲ್ಲಿ ತೋರಿಸುವ ಪುಸ್ತಕವೊಂದನ್ನು ಹೊರತಂದನು. ಸ್ಕಾಟ್ಲೆಂಡಿನದು ಒಂದೇ ವರ್ಷದ ಲೆಕ್ಕ ದೊರೆತುದರಿಂದ ಅದಕ್ಕೆ ಕಂಬಗಳನ್ನು ಬರೆದನು. ಕೊರತೆಯಿಂದ ಹುಟ್ಟಿದ ಆ ಕಂಬನಕ್ಷೆ ಇಂದು ಎಲ್ಲ ಶಾಲೆಗಳ ಪಠ್ಯದಲ್ಲಿದೆ. 1801ರಲ್ಲಿ ವೃತ್ತವನ್ನು ಹೋಳುಮಾಡಿ ತೋರಿಸುವ ನಕ್ಷೆಯೂ ಅವನಿಂದಲೇ ಬಂದಿತು.

ಚಿತ್ರದ ಮೇಲೆ ಸಂಖ್ಯೆಯನ್ನು ಕೂರಿಸಿದ ಉದಾಹರಣೆಯೆಂದರೆ ಲಂಡನ್ನಿನ ವೈದ್ಯ ಜಾನ್ ಸ್ನೋ. 1854ರಲ್ಲಿ ಸೋಹೋ ಪ್ರದೇಶದಲ್ಲಿ ಕಾಲರಾ ಹರಡಿದಾಗ, ಸತ್ತವರ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕಪ್ಪು ಪಟ್ಟಿಯಂತೆ ಆ ಪ್ರದೇಶದ ಭೂಪಟದ ಮೇಲೆ ಮನೆಮನೆಯ ಮುಂದೆ ಗುರುತಿಸಿದನು. ಪಟ್ಟಿಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಒತ್ತೊತ್ತಾಗಿ ಸೇರಿದ್ದವು. ರೋಗ ಗಾಳಿಯಿಂದ ಬರುವುದೆಂದು ನಂಬಿದ್ದ ಕಾಲದಲ್ಲಿ ನೀರಿನ ಕಡೆಗೆ ಬೆರಳು ತೋರಿಸಿದ ಭೂಪಟ ಅದು. ಗಮನಿಸಬೇಕಾದ ಅಂಶವೆಂದರೆ ಎಲ್ಲ ಪಟ್ಟಿಗಳೂ ಒಂದೇ ಅಳತೆಯವು. ಒಂದು ಸಾವಿಗೆ ಒಂದು ಪಟ್ಟಿ.

ಈ ನಿಯಮ ಎಲ್ಲರಿಗೂ ಹೊಳೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪತ್ರಿಕೆಗಳಲ್ಲೂ ಪುಸ್ತಕಗಳಲ್ಲೂ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಸಂಖ್ಯೆಗಳನ್ನು ತೋರಿಸುವ ಪರಿಪಾಠ ಬೆಳೆಯಿತು. ದೊಡ್ಡ ಸೈನ್ಯಕ್ಕೆ ದೊಡ್ಡ ಸೈನಿಕ, ಸಣ್ಣ ಸೈನ್ಯಕ್ಕೆ ಸಣ್ಣ ಸೈನಿಕ. ಎತ್ತರ ಎರಡರಷ್ಟಾದರೆ ಅಗಲವೂ ಎರಡರಷ್ಟಾಗುತ್ತದೆ, ಕಣ್ಣಿಗೆ ಬೀಳುವ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ಹಣದ ಚೀಲದಂತಹ ಗಾತ್ರವುಳ್ಳ ವಸ್ತುವಾದರೆ ಮನಸ್ಸು ಎಂಟರಷ್ಟೆಂದು ಎಣಿಸುತ್ತದೆ. ಅಮೆರಿಕದ ಇಂಜಿನಿಯರ್ ವಿಲ್ಲರ್ಡ್ ಬ್ರಿಂಟನ್ 1914ರ ತನ್ನ ಪುಸ್ತಕದಲ್ಲಿ ಈ ಪದ್ಧತಿಯನ್ನು ಖಂಡಿಸಿದನು. 1954ರಲ್ಲಿ ಡ್ಯಾರೆಲ್ ಹಫ್ ಸಂಖ್ಯಾಶಾಸ್ತ್ರದ ಮೋಸಗಳನ್ನು ಕುರಿತ ತನ್ನ ಪ್ರಸಿದ್ಧ ಕಿರುಪುಸ್ತಕದಲ್ಲಿ ಇದೇ ಹಣದ ಚೀಲದ ಉದಾಹರಣೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು.

ವಿಯೆನ್ನಾದ ನೊಯ್‌ರಾಟ್

ಆದರೆ ಖಂಡನೆಗೆ ನಿಲ್ಲದೆ ಇದಕ್ಕೆ ಒಂದು ಪೂರ್ಣ ಭಾಷೆಯನ್ನೇ ಕಟ್ಟಿದವನು ಆಸ್ಟ್ರಿಯಾದ ಆಟೋ ನೊಯ್‌ರಾಟ್ (1882–1945). ತತ್ತ್ವಜ್ಞಾನಿ, ಅರ್ಥಶಾಸ್ತ್ರಜ್ಞ, ಭಾರಿ ಮೈಕಟ್ಟಿನ ವಿನೋದಪ್ರಿಯ. ಗೆಳೆಯರಿಗೆ ಬರೆದ ಪತ್ರಗಳಲ್ಲಿ ಹೆಸರಿನ ಬದಲು ಆನೆಯ ಚಿತ್ರವನ್ನು ಬರೆಯುವುದು ಅವನ ಅಭ್ಯಾಸ. ಬಾಲ್ಯದಲ್ಲಿ ಈಜಿಪ್ಟಿನ ಚಿತ್ರಲಿಪಿಗಳಿಗೆ ಮನಸೋತಿದ್ದ ಈತ 1925ರಲ್ಲಿ ವಿಯೆನ್ನಾ ನಗರದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ವಸ್ತುಸಂಗ್ರಹಾಲಯವನ್ನು ಆರಂಭಿಸಿದನು. ಅಲ್ಲಿ ಹಳೆಯ ಖಡ್ಗಗಳಿರಲಿಲ್ಲ, ರಾಜರ ಕಿರೀಟಗಳಿರಲಿಲ್ಲ. ನಗರದ ಮನೆಗಳೆಷ್ಟು, ಹುಟ್ಟುವ ಕೂಸುಗಳೆಷ್ಟು, ಕೆಲಸವಿಲ್ಲದವರೆಷ್ಟು ಎಂಬುದನ್ನು ದಿನದ ದುಡಿಮೆ ಮುಗಿಸಿ ಬರುವ ಕೂಲಿಕಾರನೂ ಒಂದೇ ನೋಟಕ್ಕೆ ಅರಿಯುವಂತಹ ಫಲಕಗಳಿದ್ದವು.

ಅವನ ನಿಯಮ ಒಂದೇ ವಾಕ್ಯದ್ದು. ಹೆಚ್ಚಿನ ಸಂಖ್ಯೆಯನ್ನು ತೋರಿಸಲು ಚಿತ್ರವನ್ನು ಹಿಗ್ಗಿಸಬೇಡ, ಅದೇ ಅಳತೆಯ ಚಿತ್ರವನ್ನು ಮತ್ತೆ ಮತ್ತೆ ಬರೆ. ಒಂದು ಗೊಂಬೆಗೆ ಇಷ್ಟು ಸಾವಿರವೆಂದು ಗೊತ್ತುಮಾಡಿಕೊಂಡರೆ ನೋಡುವವನು ತಾನೇ ಎಣಿಸಬಲ್ಲನು. ಎಣಿಸಬಲ್ಲವನನ್ನು ಮೋಸಗೊಳಿಸುವುದು ಕಷ್ಟ. ಗಣಿತ ಮತ್ತು ಭೌತಶಾಸ್ತ್ರ ಓದಿದ್ದ ಮೇರಿ ರೈಡ್‌ಮೈಸ್ಟರ್ ಎಂಬಾಕೆ ಅಂಕಿಅಂಶಗಳ ರಾಶಿಯಲ್ಲಿ ಹೇಳಬೇಕಾದುದು ಯಾವುದು, ಅದನ್ನು ಹೇಗೆ ಜೋಡಿಸಬೇಕು ಎಂದು ನಿರ್ಧರಿಸುತ್ತಿದ್ದಳು. ಗೆರ್ಡ್ ಆರ್ಂಟ್ಸ್ ಎಂಬ ಕಲಾವಿದ ಗೊಂಬೆಗಳನ್ನು ರೂಪಿಸುತ್ತಿದ್ದನು. ಅವನು ರಚಿಸಿದ ಚಿಹ್ನೆಗಳು ಸುಮಾರು 4000.

1934ರ ಫೆಬ್ರವರಿಯಲ್ಲಿ ಆಸ್ಟ್ರಿಯಾದಲ್ಲಿ ಅಂತರ್ಯುದ್ಧ ಎದ್ದಾಗ ನೊಯ್‌ರಾಟ್ ಮಾಸ್ಕೋದಲ್ಲಿದ್ದನು. ಊರಿಗೆ ಮರಳುವಂತಿರಲಿಲ್ಲ. ಪ್ರಾಗ್ ಮಾರ್ಗವಾಗಿ ಹಾಲೆಂಡಿನ ಹೇಗ್ ನಗರ ಸೇರಿದನು. 1935ರಲ್ಲಿ ಈ ಚಿತ್ರಭಾಷೆಗೆ ಐಸೋಟೈಪ್ ಎಂಬ ಹೆಸರು ಬಂದಿತು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಹಾಲೆಂಡಿಗೆ ನುಗ್ಗಿದಾಗ ಅವನೂ ಮೇರಿಯೂ ಜನ ಕಿಕ್ಕಿರಿದ ಜೀವರಕ್ಷಕ ದೋಣಿಯೊಂದರಲ್ಲಿ ಸಮುದ್ರಕ್ಕಿಳಿದು ಇಂಗ್ಲೆಂಡಿನತ್ತ ಹೊರಟರು. ಅಲ್ಲಿ ಶತ್ರುದೇಶದವರೆಂದು ಬಂಧನದಲ್ಲಿಟ್ಟರು. 1941ರಲ್ಲಿ ಬಿಡುಗಡೆಯಾಗಿ ಇಬ್ಬರೂ ಮದುವೆಯಾಗಿ ಆಕ್ಸ್‌ಫರ್ಡಿನಲ್ಲಿ ಕೆಲಸವನ್ನು ಮತ್ತೆ ಆರಂಭಿಸಿದರು. 1945ರ ಡಿಸೆಂಬರಿನಲ್ಲಿ ನೊಯ್‌ರಾಟ್ ತೀರಿಕೊಂಡನು. ಮೇರಿ 1986ರವರೆಗೆ ಬದುಕಿದ್ದಳು. ಮಕ್ಕಳಿಗಾಗಿ ಚಿತ್ರಗಳ ಅನೇಕ ಪುಸ್ತಕಗಳನ್ನು ರಚಿಸಿದಳು. 1950ರ ದಶಕದಲ್ಲಿ ನೈಜೀರಿಯಾದ ಪಶ್ಚಿಮ ಭಾಗದ ಜನರಿಗಾಗಿಯೂ ಫಲಕಗಳನ್ನು ಮಾಡಿಕೊಟ್ಟಳು.

ನಮ್ಮ ಗಣಿತ ಪುಸ್ತಕಗಳಲ್ಲಿ 'ಒಂದು ಚಿತ್ರ = 100' ಎಂದು ಬರೆದಿರುವ ಚಿತ್ರನಕ್ಷೆಗಳ ಹಿಂದೆ ಈ ದಂಪತಿಗಳ ದುಡಿಮೆಯ ನೆರಳಿದೆ. ಅದೆಷ್ಟೋ ವರ್ಷ ಆ ಪಾಠವನ್ನು ಹೇಳಿದ ನಾನು ಇವರ ಹೆಸರನ್ನೇ ಕೇಳಿರಲಿಲ್ಲ.

1984ರ ವಸ್ತುಪ್ರದರ್ಶನ

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. 1984ರ ಡಿಸೆಂಬರಿನಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ವಸ್ತುಪ್ರದರ್ಶನ ಏರ್ಪಟ್ಟಿತ್ತು. ಹತ್ತು ವರ್ಷಗಳಲ್ಲಿ ಶಾಲೆಯ ಹೆಣ್ಣುಮಕ್ಕಳ ಸಂಖ್ಯೆ 40ರಿಂದ 80ಕ್ಕೆ ಏರಿತ್ತು. ನಿಜವಾಗಿಯೂ ಹೆಮ್ಮೆಪಡಬೇಕಾದ ಸಂಗತಿ. ನಾನು ಡ್ರಾಯಿಂಗ್ ಹಾಳೆಯ ಮೇಲೆ ಎರಡು ಜಡೆಯ ಹುಡುಗಿಯ ಚಿತ್ರವನ್ನು ಎರಡು ಬಾರಿ ಬರೆದೆ. 40ಕ್ಕೆ ಆರು ಅಂಗುಲ ಎತ್ತರ, ಎರಡು ಅಂಗುಲ ಅಗಲ. 80ಕ್ಕೆ ಹನ್ನೆರಡು ಅಂಗುಲ ಎತ್ತರ, ನಾಲ್ಕು ಅಂಗುಲ ಅಗಲ. ನೋಡಿದವರೆಲ್ಲ ಮೆಚ್ಚಿದರು. ತಪಾಸಣೆಗೆ ಬಂದಿದ್ದ ಅಧಿಕಾರಿಗಳೂ ನಿಂತು ನೋಡುತ್ತಿದ್ದರು.

ಆಗ ಪಕ್ಕದಲ್ಲಿ ನಿಂತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬ, "ಸಾರ್, ಎರಡರಷ್ಟು ಅಂತ ಬರ್ದಿದೀರಿ, ಆದ್ರೆ ಈ ಹುಡುಗಿಯೊಳಗೆ ಆ ಹುಡುಗಿ ನಾಲ್ಕು ಸಲ ಹಿಡೀತಾಳೆ" ಎಂದನು. ಬೆರಳಿನಿಂದ ಅಳೆದೂ ತೋರಿಸಿದನು. ಹನ್ನೆರಡು ಚದರ ಅಂಗುಲ, ನಲವತ್ತೆಂಟು ಚದರ ಅಂಗುಲ. ಅವನ ಮಾತು ಅಕ್ಷರಶಃ ಸರಿಯಾಗಿತ್ತು. ವಿಸ್ತೀರ್ಣದ ಪಾಠವನ್ನು ಅವನಿಗೆ ಹೇಳಿಕೊಟ್ಟವನೂ ನಾನೇ. ಆದರೆ ಅಧಿಕಾರಿಗಳ ಎದುರಿಗೆ ನನಗೆ ಅವಮಾನವಾದಂತಾಯಿತು. "ದೊಡ್ಡವರು ಮಾತಾಡುವಾಗ ಅಧಿಕಪ್ರಸಂಗ ಬೇಡ, ಹೋಗು" ಎಂದು ಗದರಿಸಿದೆ. ಅವನು ತಲೆತಗ್ಗಿಸಿ ಹೋದನು.

ಅಂದು ಸಂಜೆಯೇ ನನಗೆ ತಿಳಿದಿತ್ತು. ಮರುದಿನ ತರಗತಿಯಲ್ಲಿ ಒಂದು ಮಾತು ಹೇಳಬಹುದಾಗಿತ್ತು, ಹೇಳಲಿಲ್ಲ. ಅವನು ಹತ್ತನೆಯ ತರಗತಿ ಮುಗಿಸುವವರೆಗೂ ನನ್ನ ಗಣಿತದ ಅವಧಿಯಲ್ಲಿ ಮತ್ತೆ ಕೈ ಎತ್ತಲಿಲ್ಲ. ಆ ಹಾಳೆ ಮಾತ್ರ ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಯ ಮೇಲೆ ಬಹಳ ಕಾಲ ಇತ್ತು. ಅದರ ಕೆಳಗೆ ಹಾದುಹೋಗುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಇದೆಲ್ಲ ಈಗ ಏಕೆ ನೆನಪಾಯಿತೆಂದರೆ, ಹಿನ್ನೆಲೆಯ ಮರ ಸರಿಹೋದ ಉತ್ಸಾಹದಲ್ಲಿ ಮೊಮ್ಮಗಳು ಇನ್ನೊಂದು ನಕ್ಷೆ ಮಾಡಿದಳು. 2005ರಲ್ಲಿ 300 ಕಾಯಿ, 2015ರಲ್ಲಿ 600 ಕಾಯಿ. ಎರಡು ಬಿಂದುಗಳ ಮೇಲೆ ಎರಡು ತೆಂಗಿನಕಾಯಿಯ ಚಿತ್ರಗಳು. ಎರಡನೆಯದಕ್ಕೆ ಝೂಮ್ 2 ಎಂದು ಕೊಟ್ಟಿದ್ದಳು. ಎತ್ತರವೂ ಅಗಲವೂ ಎರಡರಷ್ಟು. 2015ರ ಕಾಯಿ 2005ರ ಕಾಯಿಯನ್ನು ನುಂಗುವಂತೆ ಕುಳಿತಿತ್ತು. "ಚೆನ್ನಾಗಿದೆಯಾ ಅಜ್ಜಾ?" ಎಂದಳು. ನಾನು ಅವಳಿಗೆ ಆ ಹುಡುಗನ ಕಥೆಯನ್ನು ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಿದ್ರೆ ಝೂಮ್ 1.414 ಕೊಡಬೇಕು" ಎಂದಳು. ಸರಿಯಾದ ಉತ್ತರವೇ. ಎರಡರ ವರ್ಗಮೂಲ ಕೊಟ್ಟರೆ ವಿಸ್ತೀರ್ಣ ಎರಡರಷ್ಟಾಗುತ್ತದೆ. ಆದರೆ ನೋಡುವವನು ವರ್ಗಮೂಲ ತೆಗೆಯುತ್ತಾ ಕೂರುವುದಿಲ್ಲವೆಂದು ನೊಯ್‌ರಾಟನ ನಿಯಮವನ್ನು ತಿಳಿಸಿದೆ. ಕೊನೆಗೆ ಒಂದು ಕಾಯಿ = 100 ಎಂದು ಬರೆದು, 2005ರ ನೇರಕ್ಕೆ ಮೂರು, 2015ರ ನೇರಕ್ಕೆ ಆರು, ಒಂದೇ ಅಳತೆಯ ಕಾಯಿಗಳನ್ನು ಸಾಲಾಗಿ ಜೋಡಿಸಿದಳು. ಪಕ್ಕದ ಮನೆಯ ಎರಡನೆಯ ತರಗತಿಯ ಮಗು ಬಂದು ಬೆರಳಿಟ್ಟು ಎಣಿಸಿತು. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವ ನಕ್ಷೆಗೂ ಬೇಕಿಲ್ಲ.

ಇಂದು ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ, ಮೊಬೈಲಿನಲ್ಲಿ ಚಿತ್ರಗಳಿಂದ ಅಲಂಕೃತವಾದ ನಕ್ಷೆಗಳು ದಿನವೂ ನಮ್ಮ ಕಣ್ಣಿಗೆ ಬೀಳುತ್ತವೆ. ಅಂದು ನಾನು ಒಂದು ದಿನವಿಡೀ ಕುಳಿತು ಬರೆದ ತಪ್ಪನ್ನು ಇಂದು ಒಂದು ಕ್ಷಣದಲ್ಲಿ ಬರೆಯಬಹುದು. ನಿಮ್ಮ ಮಕ್ಕಳಿಗೆ ಹೇಳಿ: ಚಿತ್ರ ಎಷ್ಟೇ ಚೆಲುವಾಗಿರಲಿ, ಸೊನ್ನೆ ಎಲ್ಲಿದೆ ನೋಡು, ಪ್ರಮಾಣ ಏನಿದೆ ನೋಡು, ಬೆರಳಿಟ್ಟು ಅಳೆದು ನೋಡು. ಅವರು ಅಳೆದು ಬಂದು ನಿಮ್ಮದೇ ತಪ್ಪನ್ನು ತೋರಿಸಿದರೆ ಗದರಿಸಬೇಡಿ.

ಆ ಹುಡುಗ ಈಗ ಎಲ್ಲಿರುವನೋ ಅರಿಯೆ. ಐವತ್ತು ದಾಟಿದ ಗೃಹಸ್ಥನಾಗಿರಬೇಕು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದು ಉಚಿತವಲ್ಲ. ಈ ಬರಹವನ್ನು ಅವನು ಓದುತ್ತಿದ್ದರೆ ತಾನೆಂದು ಅವನಿಗೆ ತಿಳಿಯುತ್ತದೆ. ಅಪ್ಪಾ, ನೀನು ಹೇಳಿದ್ದು ಸರಿ. ನಾಲ್ಕು ಸಲವೇ ಹಿಡಿಯುತ್ತಿತ್ತು. ನಲವತ್ತು ವರ್ಷ ತಡವಾಯಿತು, ಕ್ಷಮಿಸು. ನಮ್ಮ ಕಡೆ ಬಂದರೆ ಮನೆಗೆ ಬಾ, ಎಳನೀರು ಕುಡಿದು ಹೋಗುವೆಯಂತೆ.



ನಿಮ್ಮ
ಗಣಿತದ ಮೇಷ್ಟ್ರು